ಜಗಲಿ ಒಡೆಯುವ ಮುಂಚೆ ಒಂದು ಮಾತು

ಬೆಂಗಳೂರಿನ ನಗರಾಡಳಿತದ ಹಿರಿಯ ಅಧಿಕಾರಿಗಳಿಗೆ ಮತ್ತು ಪೇಟೆಯ ಅಂಗಡಿ ಮಾಲೀಕರಿಗೆ,

ನಮಸ್ಕಾರ.

ನಾನು ಚಿಕ್ಕಪೇಟೆಯ ಒಂದು ಜವಳಿ ಅಂಗಡಿಯಲ್ಲಿ 31 ವರ್ಷ ಲೆಕ್ಕ ಬರೆದವನು. ಕೆಲಸ ಬಿಟ್ಟು ಕೆಲವು ವರ್ಷ ಆಯಿತು. ಆದರೂ ವಾರಕ್ಕೆರಡು ಸಲ ಮೆಟ್ರೋ ಹತ್ತಿ ಪೇಟೆಗೆ ಬರುತ್ತೇನೆ. ಏನೂ ಕೊಳ್ಳುವುದಕ್ಕಲ್ಲ, ಸುಮ್ನೆ. ಹೋದ ಮಳೆಗಾಲಕ್ಕೆ ಮುಂಚೆ ಹೀಗೆ ಬಂದಾಗ, ನಾನು ದುಡಿದ ಅಂಗಡಿಯ ಮುಂದೆ ಇಬ್ಬರು ಆಳುಗಳು ಹಾರೆ ಹಾಕಿ ಜಗಲಿ ಕೀಳುತ್ತಿದ್ದರು. ಕೀಳಿಸಿದ್ದು ಯಾರು ಅಂತ ಕೇಳಿದೆ. ಯಾವುದೋ ಕಚೇರಿಯವರು ಬಂದು ಜಗಲಿಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ, "ಒತ್ತುವರಿ" ಅಂದರಂತೆ. ಮಾಲೀಕರ ಮಕ್ಕಳಿಗೂ ಮುಂದೆ ಗಾಜು ಹಾಕಿಸುವ ಆಸೆ ಇತ್ತು. ಇಬ್ಬರಿಗೂ ಬೇಡವಾದ ಮೇಲೆ ಕಲ್ಲನ್ನು ಕೇಳುವವರು ಯಾರು?

ಆ ಕಲ್ಲಿನ ಬಗ್ಗೆ ಸ್ವಲ್ಪ ಹೇಳಬೇಕು. ಎರಡೂವರೆ ಅಡಿ ಎತ್ತರ, ಒಂದೇ ಹಾಸು. ಅದರ ಬಲಗಡೆ ಅಂಚಿನಲ್ಲಿ ಅಂಗೈಯಷ್ಟು ಅಗಲ ತಗ್ಗು ಬಿದ್ದಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ಯಾರೋ ಒಡೆದು ಹಾಕಿದ್ದು ಅಂದುಕೊಂಡಿದ್ದೆ. ಆಮೇಲೆ ಒಬ್ಬ ವಯಸ್ಸಾದ ಹಮಾಲಿ ತೋರಿಸಿಕೊಟ್ಟರು. ಬೆನ್ನ ಮೇಲೆ ಮೂಟೆ ಹೊತ್ತು ಬಂದವನು ಜಗಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ, ಮೊಣಕಾಲು ಸ್ವಲ್ಪ ಮಡಚುತ್ತಾನೆ, ಮೂಟೆಯ ಬುಡ ಕಲ್ಲಿನ ಅಂಚಿಗೆ ಕೂರುತ್ತದೆ. ಇಳಿಸಲು ಇನ್ನೊಬ್ಬರ ಕೈ ಬೇಡ. ಮತ್ತೆ ಎತ್ತಿಕೊಳ್ಳಲೂ ಬೇಡ. ಪ್ರತಿಯೊಬ್ಬರೂ ಅದೇ ಜಾಗದಲ್ಲಿ ಹೀಗೆ ಮಾಡಿ ಮಾಡಿ ಕಲ್ಲು ಸವೆದಿತ್ತು. "ನಮ್ಮಜ್ಜನೂ ಇಲ್ಲೇ ಇಳಿಸ್ತಿದ್ದ" ಅಂದರು ಅವರು.

ನೀವು ಒತ್ತುವರಿ ಅಂತ ಬರೆದುಕೊಂಡದ್ದು ಇದನ್ನು. ಅದಕ್ಕೇ ಈ ಪತ್ರ.

ಪೇಟೆ ಹುಟ್ಟಿದ್ದು 1537ರಲ್ಲಿ, ಕೆಂಪೇಗೌಡರ ಕಾಲದಲ್ಲಿ, ಅನ್ನುವುದು ಎಲ್ಲರಿಗೂ ಗೊತ್ತು. ದೊಡ್ಡಪೇಟೆ ಬೀದಿ ಉದ್ದಕ್ಕೆ, ಚಿಕ್ಕಪೇಟೆ ಬೀದಿ ಅಡ್ಡಕ್ಕೆ, ಸುತ್ತ ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ ಕಡೆಯ ಬಾಗಿಲುಗಳು. ಶಾಲೆಯ ಮಕ್ಕಳೂ ಹೇಳುತ್ತಾರೆ. ನಾವು ಜಾಸ್ತಿ ಮಾತಾಡದೇ ಇರುವುದು ಅದರ ನಂತರದ ಕಾಲದ ಬಗ್ಗೆ, ಅಂದರೆ 19ನೇ ಶತಮಾನದ ಪೇಟೆಯ ಬಗ್ಗೆ. ಇವತ್ತು ನಾವು ಹಳೇ ಪೇಟೆ ಅಂತ ಕರೆಯುವ ಬೀದಿಗಳಿಗೆ, ಅಲ್ಲಿನ ಕೊಡುಕೊಳ್ಳುವ ರೀತಿಗೆ ರೂಪ ಬಂದದ್ದು ಹೆಚ್ಚಾಗಿ ಆ ನೂರು ವರ್ಷಗಳಲ್ಲಿ.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಮೊದಲು ಪೇಟೆಯನ್ನು, ಆಮೇಲೆ ಕೋಟೆಯನ್ನು ಹಿಡಿಯಿತು. ಪೇಟೆ ಹಾಳಾಯಿತು, ಜನ ಚೆದುರಿದರು. ಆದರೆ ವ್ಯಾಪಾರಕ್ಕೆ ಎದ್ದು ನಿಲ್ಲುವ ಗುಣ ಇದೆ. 1800ರಲ್ಲಿ ಬ್ರಿಟಿಷರ ಕಂಪನಿಯ ಪರವಾಗಿ ಸೀಮೆ ಸುತ್ತುತ್ತಿದ್ದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದು ಲೆಕ್ಕ ಬರೆದುಕೊಳ್ಳುವ ಹೊತ್ತಿಗೆ ಮತ್ತೆ ಭರ್ಜರಿ ವ್ಯಾಪಾರ. ವರ್ಷಕ್ಕೆ 7000 ಎತ್ತಿನ ಹೇರು ಉಪ್ಪು ಒಳಗೆ ಬರುತ್ತಿತ್ತು, 1500 ಹೇರು ಅರಳೆ, 230 ಹೇರು ಕಚ್ಚಾ ರೇಷ್ಮೆ. ಹೊರಗೆ ಹೋಗುತ್ತಿದ್ದುದರಲ್ಲಿ ಅಡಿಕೆಯೇ 4000 ಹೇರು. ಲೆಕ್ಕ ಬರೆದ ಕೈ ನನ್ನದು, ಇಂಥ ಅಂಕಿ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಉಪ್ಪು ಒಂದೇ ತಗೊಳ್ಳಿ. ದಿನಕ್ಕೆ ಸರಾಸರಿ 19 ಎತ್ತು, ಉಪ್ಪು ಹೊತ್ತು ಬಾಗಿಲು ದಾಟಿ ಒಳಗೆ ಬರಬೇಕು. ಪ್ರತಿ ಎತ್ತಿನ ಎರಡೂ ಪಕ್ಕ ತೂಗುವ ಚೀಲ ಇಳಿಸಬೇಕು. ಎಲ್ಲಿ ಇಳಿಸೋದು? ನೆಲಕ್ಕೆ ಇಳಿಸಿದರೆ ಉಪ್ಪು ನೀರು ಕುಡಿಯುತ್ತದೆ. ಜಗಲಿಗೇ ಇಳಿಸಬೇಕು.

ಮಾರ್ಕ್ ಕಬ್ಬನ್ ಬ್ರಿಟಿಷರ ಕಮಿಷನರ್ ಆಗಿದ್ದ 1834ರಿಂದ 1861ರ ನಡುವೆ ಮೈಸೂರು ಸೀಮೆಯಲ್ಲಿ ಸುಮಾರು 1600 ಮೈಲಿ ರಸ್ತೆ ಆಯಿತು. ಹೇರಿನ ಎತ್ತುಗಳ ಜಾಗಕ್ಕೆ ಗಾಡಿಗಳು ಬಂದವು. ಗಾಡಿಯ ಹಿಂಭಾಗವನ್ನು ಜಗಲಿಗೆ ಒತ್ತಿ ನಿಲ್ಲಿಸಿದರೆ ಮೂಟೆಯನ್ನು ಎತ್ತುವುದೇ ಬೇಡ, ಎಳೆದುಕೊಂಡರೆ ಸಾಕು. ಇವತ್ತು ದೊಡ್ಡ ಗೋಡೌನುಗಳಲ್ಲಿ ಲಾರಿ ಬಂದು ಹಿಂದಕ್ಕೆ ನಿಲ್ಲಲು ಎತ್ತರದ ಕಟ್ಟೆ ಕಟ್ಟಿರುತ್ತಾರೆ ನೋಡಿ, ಅದೇ ಇದು. ಅದನ್ನು ಕಟ್ಟಿಸಲು ಈಗ ಎಂಜಿನಿಯರಿಗೆ ಫೀಸು ಕೊಡುತ್ತಾರೆ. ನಮ್ಮ ಪೇಟೆಯಲ್ಲಿ ಇದ್ದದ್ದನ್ನು ಕೂಲಿ ಕೊಟ್ಟು ಒಡೆಸುತ್ತಾರೆ.

ಬೀದಿಗಳ ಹೆಸರುಗಳನ್ನೂ ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ. ಸಮುದಾಯಗಳ ಹೆಸರಲ್ಲಿ ಗಾಣಿಗರಪೇಟೆ, ಕುಂಬಾರಪೇಟೆ, ನಗರ್ತಪೇಟೆ, ತಿಗಳರಪೇಟೆ. ಅಂಗಡಿಗೆ ಬೋರ್ಡು ಬರುವ ಮುಂಚೆ ಬೀದಿಯೇ ಬೋರ್ಡು. ಅಕ್ಕಿಪೇಟೆಗೆ ಬಂದವನಿಗೆ "ಇಲ್ಲಿ ಅಕ್ಕಿ ಸಿಗುತ್ತದೆ" ಅಂತ ಬರೆದು ತೋರಿಸಬೇಕಾಗಿರಲಿಲ್ಲ. ಯಾರ ಅಕ್ಕಿ ಚೆನ್ನಾಗಿದೆ ಅನ್ನುವುದೇ ಪ್ರಶ್ನೆ. ಅದನ್ನು ತಿಳಿಯಲು ಜಗಲಿಯ ಮೇಲೆ ಸುರಿದ ರಾಶಿಗೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದು ನೋಡಬೇಕು. ದೊಡ್ಡಪೇಟೆಗೆ ಆಮೇಲೆ ಅವೆನ್ಯೂ ರೋಡ್ ಅಂತ ಹೆಸರಿಟ್ಟರು. ಅವೆನ್ಯೂ ಅಂದರೆ ಸಾಲುಮರದ ದಾರಿಯಂತೆ. ಈಗ ಅಲ್ಲಿ ಹೋಗಿ ಮರ ಹುಡುಕಿ, ಸಿಕ್ಕರೆ ನನಗೂ ಹೇಳಿ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಅಂಗಡಿಗೆ ಇನ್ನೂ ಹಲಗೆ ಬಾಗಿಲಿತ್ತು. ರೋಲಿಂಗ್ ಶಟರ್ ಬಂದದ್ದು ಆಮೇಲೆ. ಒಂಬತ್ತು ಹಲಗೆ. ಪ್ರತಿಯೊಂದರ ಮೇಲ್ತುದಿಯಲ್ಲಿ ಉಳಿಯಿಂದ ಕೊರೆದ ಕನ್ನಡ ಅಂಕಿ, ೧ರಿಂದ ೯. ಬೆಳಿಗ್ಗೆ ಒಂದೊಂದೇ ಹಲಗೆಯನ್ನು ಮೇಲಕ್ಕೆತ್ತಿ, ಹೊಸ್ತಿಲಿನ ತೋಡಿನಿಂದ ಬಿಡಿಸಿ, ಗೋಡೆಗೆ ಒರಗಿಸಿಡಬೇಕು. ರಾತ್ರಿ ಅದೇ ಕ್ರಮದಲ್ಲಿ ಹಾಕಬೇಕು, ಇಲ್ಲದಿದ್ದರೆ ಕೊನೆಯ ಹಲಗೆ ಕೂರುವುದಿಲ್ಲ, ಬೀಗ ಬೀಳುವುದಿಲ್ಲ. ಆರನೆಯದನ್ನು ಗೆದ್ದಲು ತಿಂದಿತ್ತಂತೆ, ಹೊಸ ಹಲಗೆ ಹಾಕಿಸಿದ್ದರು. ಅದಕ್ಕೆ ಅಂಕಿ ಕೊರೆಯಲು ಯಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ. ಹೊಸ ಹುಡುಗರು ಸೇರಿದಾಗಲೆಲ್ಲ "ಅಂಕಿ ಇಲ್ಲದ್ದು ಆರು" ಅಂತ ಹೇಳಿಕೊಡುವುದು ನನ್ನ ಕೆಲಸ. ಸಣ್ಣ ಗಿರಾಕಿ ಬರುವ ಹೊತ್ತಿನಲ್ಲಿ ಎರಡೇ ಹಲಗೆ ತೆಗೆದು ಕೂರಬಹುದು, ಹಬ್ಬದ ದಿನ ಒಂಬತ್ತೂ ತೆಗೆದರೆ ಅಂಗಡಿಯೆಲ್ಲ ಬೀದಿಗೆ ಕಾಣುತ್ತದೆ.

ಒಳಗೆ ಗಾದಿ, ಅದರ ಮೇಲೆ ಬಿಳಿ ಬಟ್ಟೆ, ಯಜಮಾನರ ಪಕ್ಕ ಗಲ್ಲಾಪೆಟ್ಟಿಗೆ. ಗಿರಾಕಿ ಚಪ್ಪಲಿ ಕೆಳಗೆ ಬಿಟ್ಟು ಜಗಲಿ ಹತ್ತಿ ಕೂರಬೇಕು. ಕೂತ ಮೇಲೆ ಏಳುವುದಕ್ಕೆ ಸ್ವಲ್ಪ ಹೊತ್ತಾಗುತ್ತದೆ, ಅಷ್ಟರಲ್ಲಿ ಇನ್ನೆರಡು ಸೀರೆ ಬಿಚ್ಚಿ ತೋರಿಸಬಹುದು. ನಿಂತಿರುವ ಗಿರಾಕಿ ಬೇಗ ಹೊರಟು ಹೋಗುತ್ತಾನೆ. ಇದು ಪೇಟೆಯ ಯಾವ ಯಜಮಾನರನ್ನು ಕೇಳಿದರೂ ಹೇಳುತ್ತಾರೆ. ಬಳೇಪೇಟೆಯಲ್ಲಂತೂ ಕೂರದೆ ವ್ಯಾಪಾರವೇ ಇಲ್ಲ. ಹಳೆಯ ಕಾಲದಲ್ಲಿ ಬಳೆ ಕೊಳ್ಳುವುದು ಅಂದರೆ ತೊಡಿಸಿಕೊಳ್ಳುವುದು. ಹೆಂಗಸರು ಜಗಲಿಯ ಅಂಚಿಗೆ ಕೂತು ಕೈ ಚಾಚಿದರೆ, ಬಳೆಗಾರರು ಕೈ ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ಒಂದೊಂದೇ ಬಳೆ ಏರಿಸುವರು. ಏರಿಸುವಾಗ ಒಡೆದದ್ದಕ್ಕೆ ದುಡ್ಡಿಲ್ಲ. ಡಜನ್ ಬಳೆ ಏರುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಮುಗಿದಿರುತ್ತದೆ.

ಗುಮಾಸ್ತನ ಜಾಗದ ಬಗ್ಗೆ ನಾನು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ? 19ನೇ ಶತಮಾನದಲ್ಲಿ ನನ್ನಂಥವನ ಮುಂದೆ ಇರುತ್ತಿದ್ದುದು ಕಡತ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಕಪ್ಪು ಹಲಗೆಯ ಹಾಗೆ ಮಾಡುತ್ತಿದ್ದರು. ಉದ್ದನೆಯ ಬಟ್ಟೆ, ಮಡಚಿ ಮಡಚಿ ಇಡುವುದು. ಅದರ ಮೇಲೆ ಬಳಪದಲ್ಲಿ ಬರೆಯುವುದು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು, ಮಾಸಿದರೆ ಮತ್ತೆ ಅಂಟು ಬಳಿಯಬಹುದು. ನಾಣ್ಯವೂ ಒಂದೇ ಬಗೆಯದಲ್ಲ. ವರಹ, ಹಣ, ಕಾಸು, ಆಮೇಲೆ ರೂಪಾಯಿ. ಯಾವುದಕ್ಕೆ ಯಾವುದು ಎಷ್ಟು ಅಂತ ಹೇಳಲು ಚಿನಿವಾರರು ಬೇರೆ. ಮಂಡಿಗಳಲ್ಲಿ ದಲ್ಲಾಳಿಗಳು ವಸ್ತ್ರದ ಕೆಳಗೆ ಬೆರಳು ಹಿಡಿದು ದರ ಮುಗಿಸುವರು. ಪಕ್ಕದಲ್ಲಿ ಕೂತವನಿಗೂ ಗೊತ್ತಾಗುವುದಿಲ್ಲ. ಅಂಗಡಿ, ಮನೆ, ಮಗ್ಗಗಳ ಮೇಲೆ ಮೊಹತರ್ಫ ಅನ್ನುವ ತೆರಿಗೆ ಇತ್ತು. ತೆರಿಗೆಯವರು ಬಂದಾಗ ಕಡತದ ಮೇಲೆ ಅಕಸ್ಮಾತ್ ಒದ್ದೆ ಬಟ್ಟೆ ಬಿದ್ದಿರಲೂಬಹುದು, ಮನುಷ್ಯರೇ ಅಲ್ವಾ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಜಗಲಿ ಎಲ್ಲರಿಗೂ ಜಗಲಿ ಆಗಿರಲಿಲ್ಲ. ಯಾರು ಹತ್ತಿ ಕೂರಬಹುದು, ಯಾರು ಬೀದಿಯಲ್ಲೇ ನಿಂತು ಕೇಳಬೇಕು ಅನ್ನುವುದನ್ನು ಜಾತಿ ತೀರ್ಮಾನ ಮಾಡುತ್ತಿತ್ತು. ಕೆಳಗೆ ನಿಂತವರು ದುಡ್ಡನ್ನು ಕಲ್ಲಿನ ಮೇಲಿಡಬೇಕು, ಸಾಮಾನು ಮೇಲಿನಿಂದ ಬೀಳಬೇಕು. ಆ ಎರಡೂವರೆ ಅಡಿ ಎತ್ತರ ಹಮಾಲಿಯ ಬೆನ್ನಿಗೆ ಆಸರೆ ಆಗಿದ್ದು ನಿಜ, ಅದೇ ಹಮಾಲಿಗೆ ಮೇಲೆ ಕೂರಲು ಬಿಡದೇ ಇದ್ದದ್ದೂ ನಿಜ. ಬೀದಿಯ ಎರಡು ಕಡೆ ತೆರೆದ ಚರಂಡಿ, ಬೇಸಿಗೆಯಲ್ಲಿ ಧೂಳು, ಮಳೆಯಲ್ಲಿ ಕೊಚ್ಚೆ, ಎತ್ತಿನ ಸೆಗಣಿ. ಆ ಕಾಲ ಮತ್ತೆ ಬರಲಿ ಅಂತ ನಾನು ಕೇಳುತ್ತಿಲ್ಲ. ಬಂದರೆ ಮೊದಲು ಓಡಿ ಹೋಗುವವನು ನಾನೇ.

ಪೂರ್ವಕ್ಕೆ ಸ್ವಲ್ಪ ದೂರದಲ್ಲಿ, 1809ರಿಂದ, ದಂಡು ಬೆಳೆಯುತ್ತಿತ್ತು. ಬ್ರಿಟಿಷರ ಸೈನ್ಯ, ಅವರಿಗೆ ಬೇಕಾದ ಅಂಗಡಿಗಳು. 1862ರಲ್ಲಿ ಪೇಟೆಗೊಂದು, ದಂಡಿಗೊಂದು, ಹೀಗೆ ಎರಡು ಮುನಿಸಿಪಾಲಿಟಿ ಆದವು. ಅವು ಒಂದಾದದ್ದು 1949ರಲ್ಲಿ. ದೊರೆಗಳ ಕಡೆಯ ಅಂಗಡಿಯಲ್ಲಿ ಸಾಮಾನು ಗಾಜಿನ ಹಿಂದೆ, ಗಿರಾಕಿ ಬೂಟು ಹಾಕಿಕೊಂಡೇ ಒಳಗೆ. ಪೇಟೆಯಲ್ಲಿ ಸಾಮಾನು ಜಗಲಿಯ ಮೇಲೆ, ಚಪ್ಪಲಿ ಬೀದಿಯಲ್ಲಿ. ಒಂದೇ ಊರಿನಲ್ಲಿ ಎರಡು ಬಗೆಯ ಅಂಗಡಿ. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂತು. ಅದರ ಜೊತೆ ಸೀಮೆ ಬಟ್ಟೆ, ಅಂದರೆ ಇಂಗ್ಲೆಂಡಿನ ಮಿಲ್ಲಿನ ಬಟ್ಟೆ, ಇನ್ನೂ ಅಗ್ಗವಾಗಿ ಬಂತು. ದೇವಾಂಗ, ಪಟ್ಟೆಗಾರ, ಖತ್ರಿ ನೇಕಾರರ ಮಗ್ಗಗಳಿಗೆ ಅದರ ಪೆಟ್ಟು ಎಷ್ಟು ಅಂತ ಲೆಕ್ಕ ಹಾಕಿದವರು ಕಡಿಮೆ. 1884ರಲ್ಲಿ, ಮುಂದೆ ಬಿನ್ನಿ ಮಿಲ್ಲು ಅಂತ ಹೆಸರಾದ ಗಿರಣಿಯೂ ಶುರುವಾಯಿತು. ನೇಯ್ದವನೇ ಜಗಲಿಯಲ್ಲಿ ಕೂತು ಮಾರುವ ಅಂಗಡಿ ಕಡಿಮೆಯಾಗಿ, ತರಿಸಿ ಮಾರುವ ಅಂಗಡಿ ಜಾಸ್ತಿಯಾಯಿತು. ಗಾಜಿನ ಬೀರು ಪೇಟೆಗೂ ಕಾಲಿಟ್ಟಿತು.

1898ರ ಆಗಸ್ಟ್‌ನಲ್ಲಿ ಪ್ಲೇಗು ಬಂತು. ಆ ವರ್ಷ ಹಲಗೆ ಬಾಗಿಲುಗಳು ಹಗಲಲ್ಲೂ ಹಾಕಿಕೊಂಡವು. ಜನ ಊರ ಹೊರಗೆ ಗುಡಿಸಲು ಹಾಕಿಕೊಂಡು ಕೂತರು. 1891ರ ಜನಗಣತಿಯಲ್ಲಿ ಪೇಟೆ, ದಂಡು ಎರಡೂ ಸೇರಿ 1,80,366 ಜನ. 1901ರಲ್ಲಿ 1,59,046. ಹತ್ತು ವರ್ಷದಲ್ಲಿ ಊರು 21 ಸಾವಿರ ಕುಗ್ಗಿತು. ಉಳ್ಳವರು ಮಲ್ಲೇಶ್ವರ, ಬಸವನಗುಡಿ ಕಡೆ ಮನೆ ಕಟ್ಟಿಕೊಂಡರು, ಅಂಗಡಿ ಮಾತ್ರ ಪೇಟೆಯಲ್ಲೇ ಉಳಿಸಿಕೊಂಡರು. ಗಾಳಿ ಬೆಳಕಿಗಾಗಿ ಪೇಟೆಯ ಕೆಲವು ಬೀದಿಗಳನ್ನು ಅಗಲ ಮಾಡಿದರು. ಬೀದಿ ಅಗಲ ಮಾಡುವಾಗ ಮೊದಲು ಹೋಗುವುದು ಯಾವುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಅವತ್ತು ಒಡೆದವರ ಬಳಿ ಒಂದು ಕಾರಣ ಇತ್ತು. ಮನೆಗಳಿಂದ ಹೆಣ ಹೊರಡುತ್ತಿದ್ದವು.

ಇವತ್ತಿನ ಕಾರಣ ಏನು?

ಜಗಲಿ ಕಿತ್ತ ಮೇಲೆ ನಮ್ಮ ಅಂಗಡಿಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ಒಳಗಿನ ನೆಲವನ್ನು ಬೀದಿಯ ಮಟ್ಟಕ್ಕೆ ಇಳಿಸಿದರು. ಗಿರಾಕಿ ಸಲೀಸಾಗಿ ಬರಲಿ ಅಂತ. ಮುಂದೆ ಆಳೆತ್ತರದ ಗಾಜು, ಮೇಲೆ ಹೊಳೆಯುವ ಹಾಳೆಯ ಹೊದಿಕೆ. ಮೊದಲ ದೊಡ್ಡ ಮಳೆಗೆ ಬೀದಿಯ ನೀರು ನೆಟ್ಟಗೆ ಒಳಗೆ ಬಂತು. ಕೆಳಗಿನ ಎರಡು ಅರೆಯ ಸೀರೆಗಳು ನೆಂದವು. ಬೀದಿಗೆ ಎಷ್ಟು ಸಲ ಟಾರು ಹಾಕಿ ಎತ್ತರ ಮಾಡಿದ್ದೀರಿ ಅನ್ನುವುದು ನಿಮ್ಮ ಲೆಕ್ಕದಲ್ಲಿ ಇರಬೇಕು. ಈಗ ಬಾಗಿಲಿಗೆ ಅಡ್ಡ ಮರಳು ಚೀಲ ಇಡುತ್ತಾರೆ. ಅಂದರೆ ಕಲ್ಲಿನ ಜಗಲಿ ತೆಗೆದು ಚೀಲದ ಜಗಲಿ ಕಟ್ಟಿಕೊಂಡ ಹಾಗಾಯಿತು.

ಇನ್ನೊಂದು ಆಯಿತು. ನಮ್ಮ ಜಗಲಿಯ ಎಡ ಮೂಲೆಯಲ್ಲಿ ಒಬ್ಬ ಅಮ್ಮ ಹೂವು ಮಾರುತ್ತಿದ್ದರು. ಅವರ ಅತ್ತೆಯೂ ಅಲ್ಲೇ ಕೂತವರಂತೆ. ಬಾಡಿಗೆ ಅಂತ ಇರಲಿಲ್ಲ. ಬೆಳಿಗ್ಗೆ ದೇವರ ಪಟಕ್ಕೆ ಒಂದು ಮೊಳ, ನಮ್ಮ ಬೋಣಿಗೆ ಮುಂಚೆ ಅವರ ಬೋಣಿ. ಮಳೆ ಬಂದರೆ ಒಳಗೆ ಸರಿದು ಕೂರುವರು. ಯಜಮಾನರು ಊಟಕ್ಕೆ ಹೋದಾಗ ಅಂಗಡಿ ಮೇಲೆ ಅವರದೂ ಒಂದು ಕಣ್ಣು. ಜಗಲಿ ಹೋದ ಮೇಲೆ ಅವರು ಫುಟ್‌ಪಾತಿಗೆ ಇಳಿದರು. ಅಲ್ಲಿಗೆ ಬಂದ ತಕ್ಷಣ ಅವರು "ಅಡಚಣೆ" ಆದರು. ವಾರಕ್ಕೊಮ್ಮೆ ಎಬ್ಬಿಸುತ್ತಾರೆ. ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ ಕಾಯ್ದೆ 2014ರಿಂದ ಇದೆ ಅಂತ ಪೇಪರಿನಲ್ಲಿ ಓದಿದ್ದೇನೆ. ಆಕೆಗೆ ಅದಕ್ಕಿಂತ ಹಳೆಯ ಕಾಯ್ದೆ ಒಂದು ಇತ್ತು, ಕಲ್ಲಿನದು.

ಕರಗದ ರಾತ್ರಿ ಪೇಟೆಗೆ ಬಂದವರು ಇನ್ನೊಂದನ್ನು ನೋಡಿರುತ್ತೀರಿ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಬೀದಿ ಬೀದಿ ಸುತ್ತಿ ಬರುವ ತನಕ ಮುದುಕರು, ಮಕ್ಕಳು ಎಲ್ಲಿ ಕಾಯುತ್ತಾರೆ? ಜಗಲಿ ಉಳಿದ ಬೀದಿಯಲ್ಲಿ ಕೂತು ಕಾಯುತ್ತಾರೆ, ತೂಕಡಿಸುತ್ತಾರೆ, ಮಗುವನ್ನು ಮಲಗಿಸಿಕೊಳ್ಳುತ್ತಾರೆ. ಶಟರ್ ಎಳೆದ ಬೀದಿಯಲ್ಲಿ ನಿಂತೇ ಇರುತ್ತಾರೆ.

ಪಾರಂಪರಿಕ ಬೀದಿ ಮಾಡುತ್ತೇವೆ ಅಂತ ಆಗಾಗ ಮಾತು ಬರುತ್ತದೆ. ದಯವಿಟ್ಟು ಹಳೇ ಕಾಲದ ಹಾಗೆ ಕಾಣುವ ದೀಪದ ಕಂಬ ತಂದು ನೆಡಬೇಡಿ. ಪೇಟೆಗೆ ಕರೆಂಟು ಬಂದದ್ದು 1905ರಲ್ಲಿ, ಆ ಕಂಬಗಳನ್ನು ಯಾವ ಊರಿನ ಚಿತ್ರ ನೋಡಿ ಮಾಡುತ್ತಾರೋ ನನಗಂತೂ ತಿಳಿಯದು. ಕಲ್ಲು ಹಾಸುವ ಮೊದಲು ಇರುವ ಕಲ್ಲನ್ನು ಎಣಿಸಿ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಪೇಟೆಯಲ್ಲಿ ಹಲಗೆ ಬಾಗಿಲು, ಮರದ ಕಂಬ, ಕಲ್ಲಿನ ಜಗಲಿ ಇರುವ ಅಂಗಡಿ ಎಷ್ಟು ಉಳಿದಿವೆ ಅಂತ ಒಂದು ಸಲ ನಡೆದು ಬರೆದುಕೊಳ್ಳಿ. ಅಳತೆ ಹಿಡಿಯಿರಿ, ಫೋಟೋ ತೆಗೆಯಿರಿ. ಎರಡು ಮೂರು ವಾರದ ಕೆಲಸ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ, ಓಣಿಗಳು ಗೊತ್ತು. ಆ ಪಟ್ಟಿ ಆಗುವ ತನಕ ಯಾವ ಜಗಲಿಗೂ ಕೆಂಪು ಬಣ್ಣ ಹಾಕಬೇಡಿ. ನಿನ್ನೆ ಮೊನ್ನೆ ಸಿಮೆಂಟಿನಲ್ಲಿ ಮುಂದಕ್ಕೆ ಎಳೆದ ಕಟ್ಟೆಯನ್ನೂ, ಬೀದಿಯ ಜೊತೆಗೇ ಹುಟ್ಟಿದ ಕಲ್ಲನ್ನೂ ಒಂದೇ ಕಾಲಂನಲ್ಲಿ ಬರೆಯುವುದು ಲೆಕ್ಕದ ತಪ್ಪು. ಇದನ್ನು ಗುಮಾಸ್ತನಾಗಿಯೇ ಹೇಳುತ್ತಿದ್ದೇನೆ.

ಮಾಲೀಕರೇ, ನಿಮಗೂ ಒಂದು ಮಾತು. ಮಕ್ಕಳು ಗಾಜು ಬೇಕು ಅನ್ನುತ್ತಾರೆ, ತಪ್ಪಲ್ಲ. ಗಾಜನ್ನು ಜಗಲಿಯ ಹಿಂದೆ ಹಾಕಿಸಿ. ವಯಸ್ಸಾದವರಿಗೆ ಹತ್ತಲು ಕಷ್ಟ ಅನ್ನುವುದು ನಿಜ, ಪಕ್ಕಕ್ಕೊಂದು ಮೆಟ್ಟಿಲು, ಹಿಡಿಯಲು ಒಂದು ಕಂಬಿ, ಗಾಲಿಕುರ್ಚಿಗೆ ಒಂದು ಇಳಿಜಾರು ಮಾಡಿಸಿ. ನಿಮ್ಮ ಅಜ್ಜಂದಿರು ಯಾರನ್ನು ಕೆಳಗೆ ನಿಲ್ಲಿಸಿದ್ದರೋ ಅವರ ಮಕ್ಕಳೂ ಈಗ ಮೇಲೆ ಬಂದು ಕೂರಲಿ, ಜಗಲಿ ಇದ್ದರೆ ತಾನೇ ಕೂರುವುದು?

ಈ ಪತ್ರವೂ ನಿಮ್ಮ ಕಚೇರಿಯಲ್ಲಿ ಒಂದು ಕಡತ ಸೇರುತ್ತದೆ. ಆ ಪದ ನಮ್ಮ ಅಂಗಡಿಗಳಲ್ಲೂ ಇತ್ತು. ನಮ್ಮ ಕಡತವನ್ನು ಸಂಜೆಯ ಒಳಗೆ ನೋಡಿ ಮುಗಿಸುತ್ತಿದ್ದರು.

ಅಳತೆ ಹಿಡಿಯಲು ಬರುವುದಾದರೆ ನಮ್ಮ ಅಂಗಡಿಯಿಂದಲೇ ಶುರು ಮಾಡಬಹುದು. ಕಿತ್ತ ಹಾಸುಗಲ್ಲನ್ನು ಯಾರೂ ಸಾಗಿಸಿಲ್ಲ, ಪಕ್ಕದ ಓಣಿಯ ಬಾಯಲ್ಲಿ ಗೋಡೆಗೆ ಒತ್ತಿ ಹಾಕಿದ್ದಾರೆ. ಕೀಳುವಾಗ ಎರಡು ತುಂಡಾಗಿದೆ, ಸವೆದ ತಗ್ಗು ಮಾತ್ರ ದೊಡ್ಡ ತುಂಡಿನಲ್ಲಿ ಹಾಗೇ ಇದೆ. ಹೋದ ವಾರ ನೋಡಿದೆ. ಹೂವಿನ ಅಮ್ಮ ಅದರ ಮೇಲೆ ಗೋಣಿ ಹಾಸಿಕೊಂಡು ಕೂತಿದ್ದರು, ತಗ್ಗಿನಲ್ಲಿ ನೀರಿನ ಚೊಂಬು ಇಟ್ಟುಕೊಂಡಿದ್ದರು. ಬರುವಾಗ ಬೆಳಿಗ್ಗೆ ಹತ್ತರ ಒಳಗೆ ಬನ್ನಿ. ಆಮೇಲೆ ಗಾಡಿಗಳು ನಿಂತುಬಿಡುತ್ತವೆ.

ಇಂತಿ,
ಚಿಕ್ಕಪೇಟೆಯ ಒಬ್ಬ ಹಳೇ ಗುಮಾಸ್ತ